ಬಾವಿಗಿಳಿದ ಲಾಟೀನು

ಕೆಂಚಯ್ಯ ಉರಿಯುವ ಲಾಟೀನನ್ನು ಹಗ್ಗದ ತುದಿಗೆ ಕಟ್ಟಿ, ಗಂಟನ್ನು ಎರಡು ಸಲ ಜಗ್ಗಿ ನೋಡಿ, ಬಾವಿಯೊಳಕ್ಕೆ ನಿಧಾನವಾಗಿ ಇಳಿಬಿಡತೊಡಗಿದ. ಬಳಸದೆ ಬಿಟ್ಟ ಬಾವಿಗೆ ಮನುಷ್ಯನಿಗಿಂತ ಮೊದಲು ದೀಪ ಇಳಿಯಬೇಕು. ದೀಪ ಆರಿದರೆ ಒಳಗೆ ಉಸಿರಾಡಲು ಗಾಳಿಯಿಲ್ಲವೆಂದು ಅರ್ಥ. ಮೂವತ್ತು ವರ್ಷಗಳಿಂದ ಬಾವಿಗಳ ಹೂಳೆತ್ತುತ್ತಿದ್ದ ಅವನು ಈ ಕ್ರಮವನ್ನು ಒಮ್ಮೆಯೂ ತಪ್ಪಿಸಿರಲಿಲ್ಲ.

"ಹಗಲು ಹನ್ನೊಂದು ಗಂಟೇಲಿ ಲಾಟೀನು ಹಚ್ಕೊಂಡು ಯಾರನ್ನ ಹುಡುಕ್ತೀಯೋ ಕೆಂಚಯ್ಯ?" ತೋಟದ ಯಜಮಾನ ರೇಣುಕಪ್ರಸಾದ್ ನಕ್ಕ.

"ನಗಾಡಿ ಸ್ವಾಮಿ, ಇಳಿಯೋನು ನಾನು. ಅದೇನು ಈ ಪಾಟಿ ಗಬ್ಬುವಾಸ್ನೆ?"

"ಡೀಸೆಲ್ ಎಂಜಿನ್ನು ಸೋರ್ತಿತ್ತು ಕಣಯ್ಯ. ಕಿತ್ತಾಕ್ಸಿದೀನಿ. ಹೂಳು ತೆಗುದ್ರೆ ವಾಸ್ನೆನೂ ಹೋಯ್ತದೆ ಬುಡು."

"ಎಂಜಿನ್ ಕಿತ್ತು ಎರಡು ತಿಂಗ್ಳಾಯ್ತಲ್ರೀ," ಯಜಮಾನನ ಹೆಂಡತಿ ಗಿರಿಜಾಂಬಿಕಾ ನಡುವೆ ಬಾಯಿ ಹಾಕಿದಳು. "ವಾಸ್ನೆ ದಿನದಿನಕ್ಕೆ ಜಾಸ್ತಿ ಆಗ್ತೈತೆ ಕಣ್ರೀ, ಕಮ್ಮಿ ಆಗ್ತಿಲ್ಲ."

"ನೀನೊಬ್ಳು ಸುಮ್ನಿರೇ."

ಲಾಟೀನು ಹದಿನೈದು ಅಡಿ ಇಳಿಯಿತು. ಆರಲಿಲ್ಲ. ಗಾಜಿನೊಳಗಿನ ಜ್ವಾಲೆ ಒಮ್ಮೆಲೇ ಉದ್ದವಾಗಿ, ಅದರ ತುದಿ ನೀಲಿಗೆ ತಿರುಗಿತು. ಕೆಂಚಯ್ಯ ಹಗ್ಗವನ್ನು ಕೈಬಿಟ್ಟು ಹಿಂದಕ್ಕೆ ಹಾರಿದ. ಮರುಕ್ಷಣ ನೆಲ ನಡುಗಿತು. ಬಾವಿಯ ಬಾಯಿಂದ ಚಿಮ್ಮಿದ ಬೆಂಕಿ ಪಕ್ಕದ ತೆಂಗಿನ ಸಸಿಯ ಗರಿಗಳನ್ನು ಕರಿಕಾಗಿಸಿ ಮತ್ತೆ ಒಳಕ್ಕೆ ಕುಸಿಯಿತು. ಕುಸಿದು ಆರಲಿಲ್ಲ, ಇಪ್ಪತ್ತೈದು ಅಡಿ ಕೆಳಗೆ, ನೀರಿನ ಮೇಲೆಯೇ ಹರಡಿ ಉರಿಯತೊಡಗಿತು.

ಗಿರಿಜಾಂಬಿಕಾ ಚೀರುತ್ತಾ ಇಳಿಜಾರಿನಲ್ಲಿ ಕೆಳಗೋಡಿದಳು. ಹುಬ್ಬು ಸುಟ್ಟುಕೊಂಡಿದ್ದ ಕೆಂಚಯ್ಯ ನೆಲದಿಂದ ಮೇಲೇಳದೆಯೇ ಹೇಳಿದ: "ಅರ್ಧ ಗಳಿಗೆ ಮುಂಚೆ ನಾನು ಇಳಿದಿದ್ರೆ, ಬೀಡಿ ಹಚ್ಚಿದ್ರೆ... ಸ್ವಾಮಿ, ಇದು ಡೀಸೆಲ್ ಅಲ್ಲ. ಪೆಟ್ರೋಲು."

ರೇಣುಕಪ್ರಸಾದನ ಕಣ್ಣು ತಾನಾಗಿ ದಿಬ್ಬದತ್ತ ತಿರುಗಿತು. ಇನ್ನೂರು ಅಡಿ ಮೇಲೆ, ತಿಪಟೂರಿನ ರಸ್ತೆಯಂಚಿನಲ್ಲಿ ಪೆಟ್ರೋಲ್ ಬಂಕಿತ್ತು. ಅದರ ಟ್ಯಾಂಕುಗಳನ್ನು ನೆಲದಲ್ಲಿ ಹೂತು ಇಪ್ಪತ್ತು ವರ್ಷಗಳಾಗಿದ್ದವು. ಅಲ್ಲಿ ಸೋರಿದ್ದು ಮಣ್ಣಿನಲ್ಲಿ ಇಂಗಿ, ಅಂತರ್ಜಲದ ಮೇಲೆ ತೇಲುತ್ತಾ, ನೀರು ಹರಿಯುವ ದಿಕ್ಕಿನಲ್ಲಿ ಯಾರ ಕಣ್ಣಿಗೂ ಬೀಳದೆ ಇಳಿದು ಬಂದಿತ್ತು.

"ಪಕ್ಕಕ್ಕೆ ಸರೀರಿ, ಸರೀರಿ!" ಗಿರಿಜಾಂಬಿಕಾ ತುಂಬಿದ ಕೊಡ ಹೊತ್ತು ಏದುಸಿರು ಬಿಡುತ್ತಾ ಓಡಿಬಂದಳು. ಬಾವಿಗೆ ಸುರಿಯಲು ಕೊಡವನ್ನು ಬಗ್ಗಿಸುವಷ್ಟರಲ್ಲಿ ಕೆಂಚಯ್ಯ ಅದರ ಕಂಠವನ್ನು ಹಿಡಿದುಕೊಂಡ. ಮೂಗನ್ನು ನೀರಿನವರೆಗೂ ತಂದ. ಕೊಡದ ಬಾಯಲ್ಲಿ ಕಾಮನಬಿಲ್ಲಿನ ಬಣ್ಣದ ತೆಳುವಾದ ಪೊರೆಯೊಂದು ಮೆಲ್ಲಗೆ ಸುತ್ತುತ್ತಿತ್ತು.

"ಅಮ್ಮಾರೇ, ಎಲ್ಲಿ ನೀರು ಇದು?"

"ಕೆಳಗಡೆ ಸ್ಕೂಲ್ ಬಾವೀದು. ಬಿಸಿಯೂಟಕ್ಕೆ ಸೇದಿಟ್ಟಿದ್ರು, ಒಂದು ಕೊಡ ಎತ್ಕೊಂಡು ಬಂದೆ. ಯಾಕೆ?"