ತಿಳಿಯದವರ ನಲ್ಲಿ

ಊರಿಗಿರುವುದು ಒಂದೇ ನಲ್ಲಿ. ನೀರಿನ ಅಪಾಯ ತಿಳಿದವರಿಗೆ ಅದು ನೀರು ಬಿಡುವುದಿಲ್ಲ. ಗೊತ್ತಿಲ್ಲವೆಂದು ಸುಳ್ಳು ಹೇಳಿದರೆ ದನಿಯಲ್ಲೇ ಹಿಡಿಯುತ್ತದೆ. ಈ ನೀರು ಎಲುಬು ಬಾಗಿಸುತ್ತದೆಂದು ಆರೋಗ್ಯ ತರಬೇತಿಯಲ್ಲಿ ಕೇಳಿ ಬಂದಂದಿನಿಂದ ನೀಲವ್ವ ದೂರವೇ ನಿಲ್ಲುತ್ತಾಳೆ. ಕೊಡ ಹಿಡಿಯುವುದು ಮಗಳು ಇಂದ್ರಿ.

“ಈ ನೀರು ಕುಡಿದರೆ ಏನಾಗುತ್ತದೆ?” ನಲ್ಲಿ ಎಂದಿನಂತೆ ಕೇಳಿತು.

“ನೀರಡಿಕಿ ಹೋಗತೈತಿ,” ಎಂದಳು ಇಂದ್ರಿ.

“ತಿಳಿವಳಿಕೆ ಸೊನ್ನೆ,” ಎಂದು ನಲ್ಲಿ ಧಾರಾಳವಾಗಿ ಸುರಿಯಿತು.

“ಇಂಥಾ ಮಗಳನ್ನ ಪಡಿಯಾಕ ಪುಣ್ಯಾ ಮಾಡೀ ನೀಲವ್ವ,” ಎಂದರು ಸಾಲಿನ ಹೆಂಗಸರು.

ದಾರಿಯಲ್ಲಿ ಇಂದ್ರಿ ಕಾಲೆಳೆಯುತ್ತ ಕೇಳಿದಳು: “ಯವ್ವಾ, ನನ್ನ ಕಾಲ್ಯಾಕ ಹಿಂಗ ಸೊಟ್ಟ ಆಗ್ಯಾವ?”

ನೀಲವ್ವ ತುಂಬಿದ ಕೊಡವನ್ನು ಸೊಂಟಕ್ಕೇರಿಸಿಕೊಂಡಳು. ನಾಳೆಯೂ ನೀರು ಬೇಕಿತ್ತು.

“ನಿಮ್ಮಪ್ಪನ ಕಾಲೂ ಹಿಂಗ ಇದ್ದುವಲ್ಲ, ನಡಿ,” ಎಂದಳು.