ಹಲಸಿನ ಮರದ ಒರಗು ಬೆಂಚು

ಗೋಡೆಗೆ ಕಾಗದ ಅಂಟಿಸುವ ಗೋಂದಿನ ವಾಸನೆ ಬಂದರೆ ನನಗೆ ಈಗಲೂ ಬಾಳೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಮ್ಮ ಕಾಫಿ ಎಸ್ಟೇಟಿನ ಹೋಂಸ್ಟೇಯಲ್ಲಿ ಕೋಣೆ ಗುಡಿಸಿ ಒರೆಸುತ್ತಿದ್ದಳು. ಅಲ್ಲಿನ ಯಜಮಾನಿ ವರ್ಷವರ್ಷವೂ ಕೋಣೆಗಳ ಅಲಂಕಾರ ಬದಲಾಯಿಸುತ್ತಿದ್ದರು. ಬೇಡವಾದ ಪ್ಲಾಸ್ಟಿಕ್ ಬಳ್ಳಿ, ಮಿಂಚುವ ದಿಂಬುಗಳೆಲ್ಲ ತೋಟದ ಆಳುಗಳ ಸಾಲಿನಲ್ಲಿದ್ದ ನಮ್ಮ ಲೈನ್ ಮನೆಗೆ ಬರುತ್ತಿದ್ದವು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅವಕ್ಕೆ ಬೂಷ್ಟು ಹಿಡಿಯುತ್ತಿತ್ತು. ಹೊತ್ತು ತರುವವಳೂ ಅಮ್ಮ, ಹೊತ್ತು ಹೊರಗೆ ಹಾಕುವವಳೂ ಅಮ್ಮ.

ಆ ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ನಾನು ಅಲ್ಲಿಗೆ ಹೋದಾಗ ಗೋಡೆಗೆ ಹೊಸ ಕಾಗದ ಅಂಟಿಸುತ್ತಿದ್ದರು.

"ಈ ಕರ್ಟನ್ನು, ಲೈಟಿನ ಸರ ಎಲ್ಲ ತಗೊಂಡು ಹೋಗು ಸುಶೀಲಾ. ಈಗ ಇದನ್ನೆಲ್ಲ ಯಾರೂ ಹಾಕಲ್ಲ," ಎಂದರು ಯಜಮಾನಿ.

ಅಮ್ಮ ಪೊರಕೆ ಕೆಳಗಿಟ್ಟಳು. "ಬೇಡ ಅಮ್ಮಾವ್ರೇ. ಕೊಡೋದಾದ್ರೆ ಆ ಬೆಂಚು ಕೊಡಿ."

ಯಜಮಾನಿಯ ಮಾವನ ಕಾಲದ ಆ ಹಲಸಿನ ಬೆಂಚು ಅಂಗಳದಲ್ಲಿ ಬಿದ್ದಿತ್ತು. ಜನ ಒರಗಿ ಒರಗಿ ಅದರ ಬೆನ್ನು ನುಣುಪಾಗಿತ್ತು. ಒಂದು ಕಾಲೂ ಅಲುಗಾಡುತ್ತಿರಲಿಲ್ಲ.

"ಅದಾ? ಅದು ಯಾವುದಕ್ಕೂ ಮ್ಯಾಚ್ ಆಗಲ್ಲ ಮಾರಾಯ್ತಿ!"

"ನಂಗೆ ಬೆನ್ನು ಒರಗಿಸೋಕೆ ಬೇಕು, ಅಷ್ಟೆ."

ಯಜಮಾನಿ ಅಮ್ಮನ ಮುಖ ನೋಡಿದರು. ಆಮೇಲೆ ಜೀಪಿನ ಡ್ರೈವರನ್ನು ಕರೆದು ಬೆಂಚು ಹೇರಲು ಹೇಳಿದರು.

ಬೆಂಚು ಮನೆಗೆ ಬಂದಾಗ ಅಮ್ಮ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕಾಲು ಮೇಲಿಟ್ಟು ಕೂತಳು. "ಅನ್ನಕ್ಕಿಡ್ಬೇಕು, ಒಂಚೂರು ತಡಿ," ಎಂದವಳು ಹಾಗೇ ಒರಗಿ ನಿದ್ದೆಹೋದಳು. ಅಮ್ಮ ಹಗಲಲ್ಲಿ ಮಲಗಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಎಬ್ಬಿಸಲು ಮನಸ್ಸಾಗಲಿಲ್ಲ. ಸಂಜೆ ತೋಟದಿಂದ ಬಂದ ಅಪ್ಪ ಬಾಗಿಲಲ್ಲೇ ನಿಂತು ಅವಳನ್ನು ನೋಡಿದ. ಆಮೇಲೆ ಸದ್ದು ಮಾಡದೆ ಒಳಗೆ ಹೋಗಿ ಅಕ್ಕಿ ತೊಳೆಯತೊಡಗಿದ.