ಮೂರು ಪ್ಲೇಟು ನೀರುದೋಸೆ

ಒಬ್ಬಳೇ ಹೆಂಗಸು, ಮೂರು ಪ್ಲೇಟು ನೀರುದೋಸೆ, ಮೂರು ಲೋಟ ಕಾಫಿ. ಅಚ್ಯುತ ಭಟ್ಟರಿಗೆ ಅನುಮಾನ ಹುಟ್ಟಲು ಅಷ್ಟು ಸಾಕಾಯಿತು.

ಸೂರತ್ತಿನ ಅಡಾಜಣ್‌ನಲ್ಲಿರುವ ಅವರ ಉಡುಪಿ ಹೋಟೆಲಿನ ಹಿತ್ತಲಿಗೆ ಶನಿವಾರ ಸಂಜೆ ಒಂದು ಜೀಪು ಬಂದಿತ್ತು. ಹಿಂದೆ ಬಿಳಿ ಟ್ರೇಲರ್, ಅಂದರೆ ಚಕ್ರದ ಮೇಲೊಂದು ಮನೆ. ಕಿಟಕಿಗಳಿಗೆಲ್ಲ ಪರದೆ. ಇಳಿದವಳು ತನ್ನ ಹೆಸರು ನೀಲಾ ಎಂದಳು. ಒಂದೇ ರಾತ್ರಿ ನಿಲ್ಲಿಸುತ್ತೇನೆ, ಒಂದು ಪ್ಲಗ್ಗು, ಎರಡು ಕೊಡ ನೀರು ಕೊಟ್ಟರೆ ಉಪಕಾರ, ಢಾಬಾಗಳಲ್ಲಿ ಲಾರಿಯವರ ಗಲಾಟೆ ಎಂದು ಕನ್ನಡದಲ್ಲೇ ಕೇಳಿದಳು. ಊರಿನ ಮಾತು ಕೇಳಿ ಕರಗಿದ ಭಟ್ಟರು ಹೂಂ ಅಂದುಬಿಟ್ಟರು. ತಪ್ಪು ಮಾಡಿದೆ ಎನ್ನುವುದು ಆಮೇಲೆ ಹೊಳೆಯಿತು.

ಗುಜರಾತಿನ ಉಡುಪಿ ಹೋಟೆಲಿನವರ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನದಿಂದ ಇದೇ ಸುದ್ದಿ. ಗುರುವಾರ ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಬಿಳಿ ಟ್ರೇಲರ್ ನಿಂತಿತ್ತು. ಮರುದಿನ ಅಲ್ಲಿನ ಹೋಟೆಲಿನಲ್ಲಿ ತಿಂಡಿ ಇಲ್ಲ. ಶುಕ್ರವಾರ ವಡೋದರಾ, ಅಲ್ಲೂ ಅದೇ ಕಥೆ. ಯಾರೋ ಅಡುಗೆಯವರನ್ನು ಹಾರಿಸಿಕೊಂಡು ಹೋಗುತ್ತಿದ್ದಾರೆ ಎಂದು ಗುಂಪು ತೀರ್ಮಾನಿಸಿತ್ತು. ಈ ದಂಧೆಯಲ್ಲಿ ಹೆಂಡತಿಯ ಒಡವೆ ಕದ್ದವನನ್ನು ಕ್ಷಮಿಸಬಹುದು, ಅಡುಗೆಯವನನ್ನು ಕದ್ದವನನ್ನು ಕ್ಷಮಿಸುವಂತಿಲ್ಲ. ಭಟ್ಟರು ವಡೋದರಾದ ಹೋಟೆಲಿನ ಲಕ್ಷ್ಮೀನಾರಾಯಣನಿಗೆ ಫೋನು ಹಚ್ಚಿ ವಿಚಾರಿಸಿದರು.

“ಹೋಗುವವರೆಗೆ ಗೊತ್ತೇ ಆಗಲಿಲ್ಲ, ಮಾರಾಯ,” ಎಂದವನು ಫೋನು ಇಟ್ಟ.

ಭಟ್ಟರು ಮರುದಿನದ ಆರ್ಡರಿನ ಚೀಟಿ ತೆಗೆದು ನೋಡಿದರು. ಭಾನುವಾರ ಬೆಳಿಗ್ಗೆ ಏಳಕ್ಕೆ ವಜ್ರದ ವ್ಯಾಪಾರಿಯೊಬ್ಬರ ಮದುವೆ ದಿಬ್ಬಣಕ್ಕೆ ಇನ್ನೂರು ಜನರ ತಿಂಡಿ. ಆ ಮನೆಯವರು ತಾಪಿ ನದಿಯ ಆಚೆಯಿಂದ ಬರುವುದೇ ಈ ಹೋಟೆಲಿನ ಸಾಂಬಾರಿಗಾಗಿ. ನಾಳೆ ಸಾಂಬಾರು ಕೆಟ್ಟರೆ ಹತ್ತೊಂಬತ್ತು ವರ್ಷದ ಹೆಸರು ಚರಂಡಿಗೆ. ಸಾಂಬಾರೆಂದರೆ ಅಡುಗೆಯ ದೊಡ್ಡಣ್ಣ. ಆಳೆತ್ತರದ ಹಂಡೆ, ದೋಣಿಯ ಹುಟ್ಟಿನಂಥ ಸೌಟು, ಗತ್ತು ನೋಡಿಯೇ ಗಿರಾಕಿಗಳಿಗೆ ಅರ್ಧ ಹೊಟ್ಟೆ ತುಂಬುತ್ತಿತ್ತು. ಭಟ್ಟರ ಹೆಂಡತಿ ಸೌಮ್ಯಾಳೂ ದಿನಾ ಬೆಳಗಿನ ಜಾವ ನಾಲ್ಕಕ್ಕೆ ಬಂದು ಒಂದಿಷ್ಟು ಕೈಯಾಡಿಸಿ ಹೋಗುತ್ತಿದ್ದಳು, ಅದು ಬೇರೆ ವಿಷಯ.

ಜೀಪಿನಿಂದ ಟ್ರೇಲರಿನ ಕೊಕ್ಕೆಯನ್ನೂ ನೀಲಾ ಬಿಚ್ಚಿರಲಿಲ್ಲ. ಅಡುಗೆಯವನನ್ನು ಹಾರಿಸಿದ ಕೂಡಲೇ ಓಟ ಕೀಳುವ ತಯಾರಿ. ಮೂರು ಪ್ಲೇಟು ದೋಸೆಯ ಲೆಕ್ಕವೂ ಈಗ ಸರಿಹೋಯಿತು. ಒಳಗೆ ಬೋಡಕ್‌ದೇವ್‌ನ ಅಡುಗೆಯವನೊಬ್ಬ, ವಡೋದರಾದವನೊಬ್ಬ.

ಗೂಢಚರ್ಯೆಗೆ ಭಟ್ಟರು ಸೌಮ್ಯಾಳನ್ನೇ ಅಟ್ಟಿದರು. ಸುಮ್ಮನೆ ಮಾತಾಡಿಸಿಕೊಂಡು ಬಾ, ಏನು ಆಸೆ ತೋರಿಸುತ್ತಾರೆ ತಿಳಿದುಕೋ ಎಂದರು. ಹೋದವಳು ಒಂದು ಗಂಟೆ ಬರಲಿಲ್ಲ. ಬಂದಾಗ ಮುಖದಲ್ಲಿ ಏನೋ ಕಳೆ. ಇಂಥ ಕೆಲಸಕ್ಕೆ ಇವಳನ್ನು ಮೊದಲೇ ಹಚ್ಚಬೇಕಿತ್ತು ಎಂದುಕೊಂಡರು ಭಟ್ಟರು.

“ಒಳಗೆ ಒಲೆ, ಫ್ರಿಜ್ಜು ಎಲ್ಲ ಉಂಟು,” ಎಂದಳು. “ನಾಲ್ಕು ಹಾಸಿಗೆ. ಒಂದು ಖಾಲಿ.”

“ದೊಡ್ಡಣ್ಣನ ಬಗ್ಗೆ ಎಂತ ಕೇಳಿದರು?”

“ಅವನ ಸುದ್ದಿಯನ್ನೇ ಎತ್ತಲಿಲ್ಲ.”

ಎಂಥ ಪಾಕಡಾಗಳು! ಭಟ್ಟರು ಒಳಗೊಳಗೇ ಮೆಚ್ಚಿಕೊಂಡರು. ಎಲ್ಲಿಗಂತೆ ಹೋಗುವುದು ಎಂದು ಕೇಳಿದ್ದಕ್ಕೆ, ದಮನ್ ಸಮುದ್ರ, ಅಲ್ಲಿಂದ ಗೋವಾ ಅಂತೆ ಎಂದಳು ಸೌಮ್ಯಾ. ಆ ದಮನ್‌ಗೇ ಒಂದು ದಿನ ಹೋಗಿಬರೋಣವೇ ಎಂದು ಅವಳು ವರ್ಷಕ್ಕೊಮ್ಮೆ ಕೇಳುವುದಿತ್ತು. ಹೋಟೆಲ್ ಯಾರು ನೋಡಿಕೊಳ್ಳುತ್ತಾರೆ ಎಂದು ಭಟ್ಟರು ವರ್ಷಕ್ಕೊಮ್ಮೆ ಹೇಳುವುದೂ ಇತ್ತು. ಎರಡು ಗಂಟೆಯ ದಾರಿ, ಹತ್ತೊಂಬತ್ತು ವರ್ಷದಲ್ಲಿ ಮುಗಿದಿರಲಿಲ್ಲ.

ರಾತ್ರಿ ದೊಡ್ಡಣ್ಣನನ್ನು ಉಗ್ರಾಣದಲ್ಲಿ ಮಲಗಿಸಿ, ಹೊರಗಿನಿಂದ ಚಿಲಕ ಹಾಕಿ, ಭಟ್ಟರು ಬಾಗಿಲಿಗೆ ಅಡ್ಡ ಚಾಪೆ ಹಾಸಿದರು. ಸೌಮ್ಯಾ ಮನೆಯಿಂದ ದಿಂಬು ತಂದುಕೊಟ್ಟಳು. ಹೆಗಲಲ್ಲೊಂದು ಉಬ್ಬಿದ ಚೀಲ. ಮನೆಯ ಬೀಗದ ಕೈಯನ್ನೂ ಅವರ ಅಂಗೈಯಲ್ಲಿಟ್ಟು, ಇದು ನಿಮ್ಮ ಹತ್ತಿರವೇ ಇರಲಿ ಎಂದಳು. ಕಳ್ಳರಿರುವ ಜಾಗದಲ್ಲಿ ಎಚ್ಚರದ ಹೆಂಗಸು ಎಂದು ಭಟ್ಟರಿಗೆ ಹೆಮ್ಮೆಯಾಯಿತು.

ಬೆಳಗಿನ ಐದಕ್ಕೆ ಜೀಪು ಗುರುಗುಟ್ಟಿತು. ಭಟ್ಟರು ದಡಬಡಿಸಿ ಎದ್ದು ಚಿಲಕ ಮುಟ್ಟಿ ನೋಡಿದರು. ಭದ್ರ. ಒಳಗೆ ದೊಡ್ಡಣ್ಣನ ಗೊರಕೆ. ಗೆದ್ದ ಸಂತೋಷದಲ್ಲಿ ಅವರ ಮನಸ್ಸು ಧಾರಾಳವಾಯಿತು. ಹಿತ್ತಲಿಗೆ ಹೋಗಿ, ಹಿಂದೆ, ಹಿಂದೆ, ಸ್ವಲ್ಪ ಎಡಕ್ಕೆ ಎಂದು ತಾವೇ ಕೈಬೀಸಿ ಟ್ರೇಲರನ್ನು ರಸ್ತೆಗೆ ಇಳಿಸಿಕೊಟ್ಟರು. ಹೋಗಿಬನ್ನಿ ಎನ್ನುವಂತೆ ಅದರ ಬೆನ್ನಿಗೆ ಎರಡು ಏಟು ತಟ್ಟಿದರು. ಒಳಗಿನಿಂದ ಯಾರೋ ಎರಡು ಏಟು ತಿರುಗಿ ತಟ್ಟಿದರು. ನೀಲಾ ಕೈಬೀಸಿ ಹೋದಳು.

ಆರೂವರೆಗೆ ದಿಬ್ಬಣದ ಮೊದಲ ಬಸ್ಸು ಬಂತು. ಇಡ್ಲಿಯ ಹಬೆ ಏಳುತ್ತಿತ್ತು. ಭಟ್ಟರು ಅಡುಗೆಮನೆಗೆ ಬಂದರೆ ದೊಡ್ಡಣ್ಣ ಹಂಡೆಯ ಮುಂದೆ ಸೌಟು ಹಿಡಿದು ಸುಮ್ಮನೆ ನಿಂತಿದ್ದ. ಹಂಡೆಯಲ್ಲಿ ಬೆಂದ ಬೇಳೆ, ನೀರು, ಅಷ್ಟೇ.

“ಏನಯ್ಯಾ, ಸಾಂಬಾರು?”

“ಅಮ್ಮ ಬರದೆ ಹೆಂಗೆ, ಭಟ್ರೇ? ಮಸಾಲೆ ಹುರಿಯೋದು, ಅರೆಯೋದು, ಉಪ್ಪು ಹುಳಿ ನೋಡೋದು ಎಲ್ಲ ಅವರೇ. ನಾನು ತಿರುವೋನು.”

ಅಷ್ಟರಲ್ಲಿ ಫೋನು ಟಿಂಗ್ ಎಂದಿತು. ಫೋಟೋದಲ್ಲಿ ನಾಲ್ವರು ಹೆಂಗಸರು, ಹಿಂದೆ ಟ್ರೇಲರಿನ ಪರದೆ: ನೀಲಾ, ಬೋಡಕ್‌ದೇವ್ ಹೋಟೆಲಿನ ಯಜಮಾನತಿ, ಲಕ್ಷ್ಮೀನಾರಾಯಣನ ಹೆಂಡತಿ ಶಕುಂತಲಾ, ಮತ್ತು ಖಾಲಿಯಿದ್ದ ಹಾಸಿಗೆಯ ಮೇಲೆ ಕಾಲು ಚಾಚಿ ಕೂತ ಸೌಮ್ಯಾ.

ಕೆಳಗೆ ಒಂದೇ ಸಾಲು: “ಹದಿನೈದು ದಿನ ಹೋಟೆಲ್ ನೀವೇ ನೋಡಿಕೊಳ್ಳಿ.”